ಡೈವೋರ್ಸ್ ಕೇಸಿಗೂ ಕ್ರಿಮಿನಲ್ ಕೇಸಿಗೂ ಒಬ್ಬರೇ ವಕೀಲರು ಸಾಕೇ? ವಕಾಲತ್ತಿಗೆ (ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡೋ ಪತ್ರ) ಸಹಿ ಹಾಕೋ ಮುಂಚೆ ಏನು ನೋಡಬೇಕು?

ಘಟಪ್ರಭಾ_ದಂಡೆ
ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಯಲ್ಲಿ ಗಂಡ-ಹೆಂಡತಿ ವ್ಯಾಜ್ಯ ಕೋರ್ಟ್ ಮೆಟ್ಟಿಲು ಹತ್ತಿತು ಅಂದ್ರೆ ಒಂದೇ ಕೇಸಿಗೆ ನಿಲ್ಲೋದು ಕಡಿಮೆ. ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನ, ಅಲ್ಲೇ ಜೀವನಾಂಶ, ಜೆಎಂಎಫ್‌ಸಿಯಲ್ಲಿ (ಮ್ಯಾಜಿಸ್ಟ್ರೇಟ್ ಕೋರ್ಟ್) ಕೌಟುಂಬಿಕ ದೌರ್ಜನ್ಯದ ಅರ್ಜಿ, ಮೇಲೆ ಠಾಣೆಯಲ್ಲೊಂದು ಎಫ್‌ಐಆರ್. ಸ್ವಂತ ಆಫೀಸು ಇಟ್ಟುಕೊಂಡು ಒಬ್ಬರೇ ನಡೆಸುವ ವಕೀಲರಿಗೆ ಎಲ್ಲವನ್ನೂ ಕೊಡೋದು ಒಳ್ಳೇದೋ, ಸಿವಿಲ್‌ಗೆ ಒಬ್ಬರು ಕ್ರಿಮಿನಲ್‌ಗೆ ಒಬ್ಬರು ಅಂತ ಬೇರೆ ಮಾಡೋದು ಒಳ್ಳೇದೋ? ಗೊತ್ತಿದ್ದವರು ಕಾರಣ ಸಮೇತ ಬರೀರಿ. ಫೀ ಹೇಗೆ ಮಾತಾಡಬೇಕು ಅನ್ನೋದೂ ಬೇಕು.

ಕೋಟೆಕೆರೆ
ಮನೆ ಜಗಳದಿಂದಲೇ ಹುಟ್ಟಿದ ಕ್ರಿಮಿನಲ್ ಕೇಸು ಆದರೆ ಎರಡೂ ಒಬ್ಬರ ಕೈಯಲ್ಲೇ ಇರಲಿ. ಎಲ್ಲ ಕೋರ್ಟಿನಲ್ಲೂ ಹೇಳಿಕೆ ಒಂದೇ ಇರಬೇಕು, ಕಾರಣ ಅಷ್ಟೇ. ಕೌಟುಂಬಿಕ ನ್ಯಾಯಾಲಯದ ತಕರಾರಿನಲ್ಲಿ (ಲಿಖಿತ ಉತ್ತರದಲ್ಲಿ) ಪಕ್ಷಗಾರ ಸಹಿ ಮಾಡಿದ ಪ್ರತಿ ಸಾಲನ್ನೂ ಕ್ರಿಮಿನಲ್ ಕೇಸಿನ ಪಾಟೀ ಸವಾಲಿನಲ್ಲಿ (ಎದುರು ವಕೀಲರು ಪ್ರಶ್ನಿಸುವಾಗ) ಅವರ ಮುಂದೆ ಹಿಡಿಯಬಹುದು. ಹಿಂದಿನ ಬರಹದ ಹೇಳಿಕೆ ತೋರಿಸಿ ಸಾಕ್ಷಿಯನ್ನು ಪ್ರಶ್ನಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 148ರಲ್ಲಿ ಅವಕಾಶ ಇದೆ.

ಪದೇ ಪದೇ ಆಗುವ ಎಡವಟ್ಟು ಇದು. ಜಾಮೀನು ಅರ್ಜಿಯಲ್ಲಿ ಒಬ್ಬ ವಕೀಲರು ‘ಆರೋಪಿಯೇ ಮನೆಗೆ ಆಧಾರ, ಅವನ ದುಡಿಮೆಯ ಮೇಲೆ ತಂದೆ-ತಾಯಿ ಇದ್ದಾರೆ’ ಎಂದು ಬರೆಯುತ್ತಾರೆ. ಜೀವನಾಂಶದ ಕೇಸಿನಲ್ಲಿ ಇನ್ನೊಬ್ಬ ವಕೀಲರು ‘ಎದುರುದಾರನಿಗೆ ಯಾವ ಆದಾಯವೂ ಇಲ್ಲ’ ಎನ್ನುತ್ತಾರೆ. ಎರಡೂ ಪ್ರಮಾಣೀಕೃತ ನಕಲು ತೆಗೆದು ಪಕ್ಕದಲ್ಲಿಟ್ಟರೆ ಮುಗಿಯಿತು, ಆ ಪಕ್ಷಗಾರನ ಯಾವ ಮಾತನ್ನೂ ಕೋರ್ಟು ನಂಬುವುದಿಲ್ಲ. ಹೆಣ್ಣಿನ ಕಡೆಯವರಿಗೂ ಇದೇ ಪೆಟ್ಟು: ಎಫ್‌ಐಆರ್‌ನಲ್ಲಿ ವರದಕ್ಷಿಣೆಯ ಮೊತ್ತ ಒಂದು, ವಿಚ್ಛೇದನ ಅರ್ಜಿಯಲ್ಲಿ ಅದರ ಸುದ್ದಿಯೇ ಇಲ್ಲ ಅಂದರೆ ಎದುರು ವಕೀಲರಿಗೆ ಬೇರೆ ಅಸ್ತ್ರ ಬೇಕಿಲ್ಲ.

ಆದರೆ ಆ ವಕೀಲರು ಎರಡೂ ಬಗೆಯ ಕೆಲಸ ನಿಜವಾಗಿ ಮಾಡುತ್ತಾರೆಯೇ ಎಂದು ಮೊದಲು ನೋಡಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರು ಅಥವಾ ಬಾರ್ ನೋಂದಣಿ ಸಂಖ್ಯೆ ಹಾಕಿ ಹುಡುಕುವ ಸೌಲಭ್ಯ ಇದೆ. ನೋಂದಣಿ ಸಂಖ್ಯೆ ಕೆಎಆರ್, ಕ್ರಮಸಂಖ್ಯೆ, ವರ್ಷ ಈ ಮಾದರಿಯಲ್ಲಿರುತ್ತದೆ. ಕೇಳಿದರೆ ಯಾವ ವಕೀಲರೂ ಕೊಡುತ್ತಾರೆ. ಮುಗಿದ ಕೇಸುಗಳಲ್ಲಿ ಎಷ್ಟು ರಾಜಿಯಲ್ಲಿ ಮುಗಿದಿವೆ, ಎಷ್ಟು ಸಾಕ್ಷಿ ವಿಚಾರಣೆ ನಡೆದು ತೀರ್ಪಿನಲ್ಲಿ ಮುಗಿದಿವೆ ಎಂಬುದನ್ನು ಗಮನಿಸಿ. ಜಾಮೀನು ಮಾತ್ರ ಮಾಡುವವರೂ ಇದ್ದಾರೆ, ವಿಚಾರಣೆ ನಡೆಸುವವರೂ ಇದ್ದಾರೆ. ಎರಡೂ ಬೇರೆ ಬೇರೆ ಕೈಚಳಕ.

ಬಾರಾ_ಕಮಾನ್
ಒಂದು ತಿದ್ದುಪಡಿ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 85, ಅಂದರೆ ಗಂಡನ ಮನೆಯವರ ಕ್ರೌರ್ಯದ ಹಳೆಯ ಐಪಿಸಿ 498ಎ, ಜೊತೆಗೆ ವರದಕ್ಷಿಣೆ ನಿಷೇಧ ಕಾಯ್ದೆಯ 3 ಮತ್ತು 4, ಇಷ್ಟೇ ಇದ್ದರೆ ನಿಮ್ಮ ಮಾತು ಸರಿ. ಕಲಂ 80ರ ವರದಕ್ಷಿಣೆ ಸಾವು ಬಂದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೋ ಬಂದರೆ, ಅದು ಸೆಷನ್ಸ್ ವಿಚಾರಣೆ. ಕಲಂ 80ಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಮದುವೆಯಾಗಿ 7 ವರ್ಷದೊಳಗಿನ ಅಸಹಜ ಸಾವು ಮತ್ತು ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆ ಕಿರುಕುಳ ರುಜುವಾತಾದರೆ ಕಾನೂನೇ ಆರೋಪಿಯ ವಿರುದ್ಧ ಊಹೆ ಮಾಡಿಕೊಳ್ಳುತ್ತದೆ. ಮರಣೋತ್ತರ ವರದಿ ಬರೆದ ವೈದ್ಯರನ್ನು, ಶವ ಪಂಚನಾಮೆಯ ಪಂಚರನ್ನು ಪಾಟೀ ಸವಾಲು ಮಾಡಿ ಪಳಗಿದವರೇ ಬೇಕು. ಇಂಥ ಕೇಸನ್ನು ಬರೀ ಕೌಟುಂಬಿಕ ಕೇಸು ನಡೆಸುವ ಒಬ್ಬರಿಗೆ ಕೊಡುವುದು ಅಪಾಯ.

ಕೋಟೆಕೆರೆ
ಒಪ್ಪಿದೆ. ಅಲ್ಲಿ ಸೆಷನ್ಸ್ ವಕೀಲರೇ ಮುಂದೆ ಇರಲಿ. ಮಕ್ಕಳ ವಶದ ಅರ್ಜಿಯಂಥದ್ದು ಏನಾದರೂ ಇದ್ದರೆ ಅದರ ಕರಡನ್ನೂ ಅವರು ಓದಿದ ಮೇಲೆಯೇ ಸಲ್ಲಿಸಬೇಕು.

ಮೊದಲ ಭೇಟಿಯಲ್ಲಿ ವಕೀಲರಿಗೆ ಕೇಳಬಹುದಾದ ಮೂರು ಪ್ರಶ್ನೆ ಹೇಳುತ್ತೇನೆ. ಉತ್ತರ ತಡವರಿಸದೆ ಬರಬೇಕು. ಕಿರುಕುಳ 2024ರ ಜುಲೈ 1ಕ್ಕಿಂತ ಮುಂಚಿನದು, ಎಫ್‌ಐಆರ್ ಆಮೇಲಿನದು ಆದರೆ ಯಾವ ಕಾನೂನು? ಅಪರಾಧಕ್ಕೆ ಹಳೆಯ ಐಪಿಸಿ, ಕಾರ್ಯವಿಧಾನಕ್ಕೆ ಹೊಸ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ). ಸಾಕ್ಷಿ ವಿಚಾರಣೆಗೆ ಮುಂಚೆಯೇ ಆರೋಪದಿಂದ ಕೈಬಿಡಿ ಎಂದು ಕೇಳುವ ಡಿಸ್ಚಾರ್ಜ್ ಅರ್ಜಿಗೆ ಗಡುವು ಇದೆಯೇ? ಇದೆ, ವಾರಂಟ್ ಕೇಸಿನಲ್ಲಿ (2 ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಕೇಸು) ದಾಖಲೆಗಳ ಪ್ರತಿ ಕೊಟ್ಟ ದಿನದಿಂದ 60 ದಿನ, ಬಿಎನ್‌ಎಸ್‌ಎಸ್ ಕಲಂ 262. ಹಳೆಯ ಕಾರ್ಯವಿಧಾನ ಕಾನೂನು ಸಿಆರ್‌ಪಿಸಿಯಲ್ಲಿ ಈ ಗಡುವು ಇರಲಿಲ್ಲ, ಹೀಗಾಗಿ ಹಳೇ ರೂಢಿಯವರು ಇಲ್ಲಿ ಮುಗ್ಗರಿಸುತ್ತಾರೆ. ಮೂರನೆಯದು, ಚಾರ್ಜ್‌ಶೀಟ್ ಬರದಿದ್ದರೆ ಸಿಗುವ ಜಾಮೀನಿನ 60 ಅಥವಾ 90 ದಿನವನ್ನು ಎಲ್ಲಿಂದ ಎಣಿಸುತ್ತೀರಿ? ಮೊದಲ ರಿಮಾಂಡ್ (ಕೋರ್ಟು ಕಸ್ಟಡಿಗೆ ಒಪ್ಪಿಸಿದ) ದಿನವನ್ನೂ ಸೇರಿಸಿ ಎಣಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಗಡುವು ಮುಗಿದ ಬೆಳಿಗ್ಗೆಯೇ ಅರ್ಜಿ ಒಳಗೆ ಹೋಗಬೇಕು. ಮಧ್ಯಾಹ್ನ ಚಾರ್ಜ್‌ಶೀಟ್ ಬಂದ ಮೇಲೆ ಅರ್ಜಿ ಕೊಟ್ಟರೆ ಆ ಹಕ್ಕು ಹೋಯಿತು.

ನವನಗರ_ಸೆಕ್ಟರ್
ಎಲ್ಲಾ ಖರೆ. ಆದ್ರ ಒಬ್ಬರೇ ಇರೋ ವಕೀಲರ ಹತ್ರ ಕೇಸು ಕೆಡೋದು ಬೇರೆ ಕಾರಣಕ್ಕ: ಹೆಸರು ಕೂಗಿದ ಹೊತ್ತಿನ್ಯಾಗ ಅವರು ಆ ಹಾಲ್‌ನಾಗ ಇರೂದಿಲ್ಲ. ಬಾಗಲಕೋಟೆ ಕೌಟುಂಬಿಕ ನ್ಯಾಯಾಲಯದಾಗ ತಾರೀಖು, ಅದೇ ದಿನ ಮುಧೋಳ ಜೆಎಂಎಫ್‌ಸಿಯಾಗ ಸಾಕ್ಷಿ. ಒಬ್ಬ ಮನುಷ್ಯ ಎರಡು ಕಡೆ ನಿಲ್ಲಾಕ ಆಗೂದಿಲ್ಲ.

ಆಗ ಏನಾಗ್ತದ ಅಂದ್ರ, ಸಾಕ್ಷಿ ಹೇಳಿಕೆ ಮುಗೀತದ, ವಕೀಲರು ಇಲ್ಲ, ‘ಪಾಟೀ ಸವಾಲು ಇಲ್ಲ’ ಅಂತ ಬರದು ಸಾಕ್ಷೀನ ಕಳಸ್ತಾರ. ಅದೇ ಸಾಕ್ಷೀನ ವಾಪಸ್ ಕರಸಾಕ ಬಿಎನ್‌ಎಸ್‌ಎಸ್ ಕಲಂ 348ರ ಅರ್ಜಿ ಹಾಕಬೇಕು, ಸರ್ಕಾರಿ ವಕೀಲರ ತಕರಾರು ಬರಬೇಕು, ಆದೇಶ ಆಗಬೇಕು. ಸಿಕ್ಕರೂ ಖರ್ಚು ಹಾಕಿ ಕೊಡ್ತಾರ. ಆರೋಪಿನೂ ಬಂದಿಲ್ಲ, ಕಲಂ 355ರ ಹಾಜರಿ ವಿನಾಯಿತಿ ಅರ್ಜಿನೂ ಹೋಗಿಲ್ಲ ಅಂದ್ರ ಜಾಮೀನುರಹಿತ ವಾರಂಟ್, ಬಾಂಡ್ ಮುಟ್ಟುಗೋಲು, ಜಾಮೀನುದಾರನ ಮನಿಗೆ ನೋಟಿಸ್. ಕೌಟುಂಬಿಕ ನ್ಯಾಯಾಲಯದಾಗ ಗೈರಾದ್ರ ಏಕಪಕ್ಷೀಯ ಆದೇಶ. ವಿಚ್ಛೇದನದ ಏಕಪಕ್ಷೀಯ ಡಿಕ್ರಿ ರದ್ದಿಗೆ 30 ದಿನ, ಜೀವನಾಂಶದ ಏಕಪಕ್ಷೀಯ ಆದೇಶಕ್ಕ 3 ತಿಂಗಳು. ಎರಡಕ್ಕೂ ಸರಿಯಾದ ಕಾರಣ ತೋರಿಸಬೇಕು.

ಇದಕ್ಕ ಪರಿಹಾರ ವಕಾಲತ್ತಿನ್ಯಾಗನ ಅದ. ಒಂದೇ ವಕಾಲತ್ತಿನ್ಯಾಗ ಇಬ್ಬರು ವಕೀಲರ ಹೆಸರು ಹಾಕಬಹುದು. ‘ಸರ್, ನೀವು ಇಲ್ಲದ ದಿನ ಯಾರು ನಿಲ್ತಾರ? ಅವರ ಹೆಸರೂ ಸಹಿಯೂ ಇದರಾಗ ಇರಲಿ’ ಅಂತ ಮೊದಲ ದಿನನ ಕೇಳ್ರಿ. ಆ ಎರಡನೇ ವಕೀಲರಿಗೆ ಒಂದು ಸಲ ಫೈಲ್ ಓದಸ್ರಿ. ತಾರೀಖು ಕೊಡೋ ಹೊತ್ತಿನ್ಯಾಗ ನೀವು ಹಾಲ್‌ನಾಗ ಇದ್ದು, ಇನ್ನೊಂದು ಕೋರ್ಟಿನ ತಾರೀಖು ವಕೀಲರಿಗೆ ನೆನಪು ಮಾಡ್ರಿ. ಎರಡು ಕಡೆ ಒಂದೇ ದಿನ ಬೀಳೂದು ಅರ್ಧಕ್ಕರ್ಧ ತಪ್ತದ. ಪ್ರತಿ ಕೇಸಿನ 16 ಅಕ್ಷರದ ಸಿಎನ್‌ಆರ್ ಸಂಖ್ಯೆ (ಕೇಸಿನ ಗುರುತಿನ ಸಂಖ್ಯೆ) ನಿಮ್ಮ ಇ-ಕೋರ್ಟ್ಸ್ ಮೊಬೈಲ್ ಆ್ಯಪ್‌ನಾಗ ಇರಲಿ, ಹಿಂದಿನ ರಾತ್ರಿ ತೆಗೆದು ನೋಡ್ರಿ.

ಹಿಡಕಲ್_ಕಾಲುವೆ
ಫೀ ವಿಚಾರ? ಪೂರ್ತಿ ಕೇಸಿಗೆ ಇಷ್ಟು ಅಂತ ಒಂದೇ ಮೊತ್ತ ಹೇಳ್ತಾರೆ. ಸಾಕ್ಷಿ ಹಂತಕ್ಕೆ ಬಂದಾಗ ಇನ್ನಷ್ಟು ಅಂತಾರೆ. ಆಗ ಬಿಡೋಕೂ ಆಗಲ್ಲ.

ಕೋಟೆಕೆರೆ
ಹಂತದ ಮೇಲೆ ಮಾತಾಡಿ, ಕೇಸುವಾರು ಬೇರೆ ಬೇರೆ. ಕ್ರಿಮಿನಲ್‌ನಲ್ಲಿ ನಿರೀಕ್ಷಣಾ ಜಾಮೀನು, ಚಾರ್ಜ್‌ಶೀಟ್ ಬಂದ ಮೇಲಿನ ಹಾಜರಿ ಮತ್ತು ಡಿಸ್ಚಾರ್ಜ್, ಸಾಕ್ಷಿ ವಿಚಾರಣೆ, ಆರೋಪಿಯ ಹೇಳಿಕೆ ಮತ್ತು ವಾದ. ಕೌಟುಂಬಿಕದಲ್ಲಿ ಅರ್ಜಿ ಅಥವಾ ತಕರಾರು, ಮಧ್ಯಂತರ ಅರ್ಜಿ, ಸಾಕ್ಷ್ಯ, ವಾದ. ಪ್ರತಿ ಹಂತ ಶುರುವಾಗುವಾಗ ಆ ಹಂತದ ಹಣ. ಟೈಪಿಂಗ್, ಪ್ರೋಸೆಸ್ ಫೀ, ನಕಲು ಖರ್ಚು ಫೀ ಒಳಗೋ ಹೊರಗೋ ಎಂದು ಬರೆಸಿಕೊಳ್ಳಿ. ಒಂದು ವಾಟ್ಸಾಪ್ ಸಂದೇಶವಾದರೂ ಸಾಕು. ಕೊಟ್ಟ ಹಣ ಬ್ಯಾಂಕ್ ಮೂಲಕವೇ ಹೋಗಲಿ.

‘ಬಂದ ಜೀವನಾಂಶದಲ್ಲಿ ಇಷ್ಟು ಪಾಲು ಕೊಡಿ, ಈಗ ಫೀ ಬೇಡ’ ಎನ್ನುವವರಿಂದ ದೂರ ಇರಿ. ಫಲಿತಾಂಶದ ಮೇಲೆ ಫೀ, ಬಂದ ಹಣದಲ್ಲಿ ಪಾಲು, ಎರಡನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಕಷ್ಟದಲ್ಲಿರುವ ಹೆಣ್ಣುಮಗಳ ಅನ್ನದಲ್ಲಿ ಪಾಲು ಕೇಳುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ. ಜಾಮೀನು ಗ್ಯಾರಂಟಿ ಎನ್ನುವವರೂ ಅಷ್ಟೇ. ಗ್ಯಾರಂಟಿ ಕೊಡುವ ಅಧಿಕಾರ ಯಾವ ವಕೀಲರಿಗೂ ಇಲ್ಲ.

ಬಾರಾ_ಕಮಾನ್
ಹೈಕೋರ್ಟ್ ಖರ್ಚನ್ನು ಮರೆಯಬೇಡಿ. ಬೆಳಗಾವಿ, ಬಾಗಲಕೋಟೆಗೆ ಧಾರವಾಡ ಪೀಠ. ವಿಜಯಪುರಕ್ಕೆ ಕಲಬುರಗಿ ಪೀಠ. ಎರಡೂ ಕಾಯಂ ಪೀಠವಾಗಿದ್ದು 2013ರಲ್ಲಿ. ಜಮಖಂಡಿಯ ಮನೆಗೆ ವಿಜಯಪುರದ ಸೊಸೆ ಅಂದರೆ, ಎಫ್‌ಐಆರ್ ವಿಜಯಪುರದಲ್ಲಿ ಆದರೆ ಅದರ ರದ್ದತಿ ಅರ್ಜಿ ಕಲಬುರಗಿಗೆ, ಬಾಗಲಕೋಟೆ ಜಿಲ್ಲೆಯ ಆದೇಶದ ಮೇಲ್ಮನವಿ ಧಾರವಾಡಕ್ಕೆ. ಊರಿನ ವಕೀಲರು ಅಲ್ಲಿಗೆ ಸಾಮಾನ್ಯವಾಗಿ ಹೋಗುವುದಿಲ್ಲ, ಅಲ್ಲಿನ ಪರಿಚಿತರಿಗೆ ಫೈಲ್ ಕಳಿಸುತ್ತಾರೆ. ಅದು ತಪ್ಪಲ್ಲ. ಆದರೆ ಅವರು ಯಾರು, ಅವರ ಫೀ ಬೇರೆಯೇ, ಎಂಬುದು ಮೊದಲೇ ತಿಳಿದಿರಲಿ. ಕೌಟುಂಬಿಕ ನ್ಯಾಯಾಲಯದ ತೀರ್ಪಿನ ಮೇಲ್ಮನವಿಗೆ 30 ದಿನ ಮಾತ್ರ. ತೀರ್ಪು ಬಂದ ದಿನವೇ ನಕಲು ಅರ್ಜಿ ಹಾಕಿಸಿ. ನಕಲು ಸಿದ್ಧವಾಗಲು ಹಿಡಿದ ದಿನಗಳನ್ನು ಗಡುವಿನಿಂದ ಕಳೆಯುತ್ತಾರೆ.

ಮುಸ್ಲಿಂ ಕುಟುಂಬಗಳು ಕೇಳಬೇಕಾದ ಮಾತು: 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ, 2019ರ ತ್ರಿವಳಿ ತಲಾಖ್ ಕಾಯ್ದೆ ಎರಡರಲ್ಲೂ ಕೇಸು ನಡೆಸಿದ್ದಾರೆಯೇ? ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಸಿಆರ್‌ಪಿಸಿ 125ರ ಅಡಿ ಜೀವನಾಂಶ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಸ್ಪಷ್ಟಪಡಿಸಿದೆ. ಈಗ ಅದು ಬಿಎನ್‌ಎಸ್‌ಎಸ್ 144. ‘ಅದು ನಿಮಗೆ ಅನ್ವಯಿಸುವುದಿಲ್ಲ’ ಎಂದು ವಾಪಸ್ ಕಳಿಸುವ ವಕೀಲರಿಗೆ ಕೇಸು ಕೊಡಬೇಡಿ.

ನಿಪ್ಪಾಣಿ_ನಾಕಾ
ಗಡಿ ಆಚೆ ಸಂಬಂಧದ ಬಗ್ಗೆ ಯಾರೂ ಬರೆದಿಲ್ಲ. ಕೊಲ್ಹಾಪುರ, ಸಾಂಗ್ಲಿ, ಸೊಲ್ಲಾಪುರದ ಜೊತೆ ಕೊಟ್ಟು-ತಂದ ಮನೆಗಳು ಎಷ್ಟಿಲ್ಲ. ಎಫ್‌ಐಆರ್ ಕೊಲ್ಹಾಪುರದಲ್ಲಿ ದಾಖಲಾಗಿ ಗಂಡನ ಮನೆ ನಿಪ್ಪಾಣಿಯಲ್ಲಿದ್ದರೆ, ಇಲ್ಲಿನ ಸೆಷನ್ಸ್ ಕೋರ್ಟಿನಿಂದಲೇ ಸೀಮಿತ ಅವಧಿಯ ನಿರೀಕ್ಷಣಾ ಜಾಮೀನು ಕೇಳಬಹುದು. ಪ್ರಿಯಾ ಇಂದೋರಿಯಾ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ನವೆಂಬರ್‌ನಲ್ಲಿ ಹೇಳಿದ್ದು ಇದನ್ನೇ. ನೇರವಾಗಿ ಅಲ್ಲಿಗೆ ಹೋಗಲು ಯಾಕೆ ಆಗುವುದಿಲ್ಲ ಎಂದು ಅರ್ಜಿಯಲ್ಲಿ ತೋರಿಸಬೇಕು, ಅಲ್ಲಿನ ತನಿಖಾಧಿಕಾರಿಗೂ ಸರ್ಕಾರಿ ಅಭಿಯೋಜಕರಿಗೂ ನೋಟಿಸ್ ಹೋಗಬೇಕು. ಆ ಅವಧಿಯೊಳಗೆ ಅಲ್ಲಿನ ಕೋರ್ಟಿಗೆ ಹೋಗಲೇಬೇಕು. ಚಿಕ್ಕೋಡಿ, ಗೋಕಾಕದಲ್ಲೇ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಕೂರುತ್ತದೆ, ಆ ಕಡೆಯವರಿಗೆ ಎಲ್ಲದಕ್ಕೂ ಬೆಳಗಾವಿಗೆ ಓಡುವ ಅಗತ್ಯ ಇಲ್ಲ.

ಕೊಲ್ಹಾಪುರ, ಸಾಂಗ್ಲಿ, ಸೊಲ್ಲಾಪುರದ ಎಫ್‌ಐಆರ್ ರದ್ದತಿಗೆ ಈಗ ಮುಂಬೈಗೆ ಹೋಗಬೇಕಿಲ್ಲ, 2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲೇ ಬಾಂಬೆ ಹೈಕೋರ್ಟ್‌ನ ಸಂಚಾರಿ ಪೀಠ ಇದೆ. ಆದರೆ ಒಂದು ರಾಜ್ಯದ ಕೇಸನ್ನು ಇನ್ನೊಂದು ರಾಜ್ಯಕ್ಕೆ ವರ್ಗ ಮಾಡುವ ಅಧಿಕಾರ ಸುಪ್ರೀಂ ಕೋರ್ಟಿನದು, ಅದಕ್ಕೆ ದೆಹಲಿಯ ವಕೀಲರೇ ಬೇಕು. ಮರಾಠಿ ದಾಖಲೆ ಇದ್ದರೆ ಭಾಷಾಂತರ ಮೊದಲೇ ಮಾಡಿಸಿಡಿ, ಜಾಮೀನು ಅರ್ಜಿ ಒಂದೆರಡು ದಿನ ನಿಲ್ಲುವುದು ಇದೊಂದೇ ಕೊರತೆಗೆ.

ಕಬ್ಬಿನ_ಬಿಲ್
ಜೀವನಾಂಶದ ಕೇಸಿನ್ಯಾಗ ನಮ್ಮ ಭಾಗದ ಸಮಸ್ಯೆ ಬೇರೆನ ಅದ. ಪಗಾರದ ಚೀಟಿ ಇರೂದಿಲ್ಲ, ಇರೂದು ಹೊಲ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ಪ್ರಕಾರ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು. ಆ ತೀರ್ಪಿಗೆ ಲಗತ್ತಾದ ನಮೂನೆಯೊಳಗ ಎರಡನೇದು ರೈತಾಪಿ ಮಂದಿಗೇ ಮಾಡಿದ್ದು: ಜಮೀನು ಎಷ್ಟು, ನೀರಾವರಿಯೋ ಒಣ ಬೇಸಾಯವೋ, ಏನು ಬೆಳಿ, ದನಕರ, ಟ್ರ್ಯಾಕ್ಟರ್, ಬೆಳಿ ಸಾಲ. ಎಷ್ಟೋ ಕೇಸಿನ್ಯಾಗ ಪಗಾರದವರ ಮೊದಲನೇ ನಮೂನೆ ತುಂಬಿ ‘ಅನ್ವಯಿಸುವುದಿಲ್ಲ’ ಅಂತ ಬರದು ಕೈ ತೊಳಕೊಳ್ತಾರ. ಹಂಗಾದ್ರ ಹೊಲದ ಹುಟ್ಟುವಳಿ ಲೆಕ್ಕಕ್ಕ ಬರೂದೇ ಇಲ್ಲ.

ನುರಿತ ವಕೀಲರು ಹೆಂಗ ಮಾಡ್ತಾರ ನೋಡ್ರಿ. ಮೊದಲು ಉತಾರ (ಹೊಲದ ಪಹಣಿ) ತಗಸ್ತಾರ, ಅದರ ಬೆಳಿ ಕಾಲಂನಾಗ ಕಬ್ಬು ಅಂತ ಬಂದಿರ್ತದ. ಆಮೇಲೆ ಆ ಭಾಗದ ಸಕ್ಕರೆ ಕಾರ್ಖಾನೆಗೆ ಕೋರ್ಟಿನಿಂದ ಸಮನ್ಸ್ ಕಳಿಸಿ, ಆ ಸರ್ವೆ ನಂಬರಿನ ಕಬ್ಬು ಯಾರ ಹೆಸರಿಗೆ ಹೋತು, ಎಷ್ಟು ಟನ್ ತೂಕ ಆತು, ಬಿಲ್ ಯಾವ ಖಾತೆಗೆ ಜಮಾ ಆತು ಅನ್ನೋ ದಾಖಲೆ ತರಸ್ತಾರ. ಗಂಡನ ಹೊಲದ ಕಬ್ಬು ತಮ್ಮನ ಹೆಸರಿನ್ಯಾಗ ಕಳಿಸಿದ್ದು ಅಲ್ಲೇ ಬಯಲಾಗ್ತದ. ವಿಜಯಪುರದ ದ್ರಾಕ್ಷಿ, ಒಣದ್ರಾಕ್ಷಿಗೂ ಇದೇ ದಾರಿ, ಎಪಿಎಂಸಿ ಪಟ್ಟಿ ಮತ್ತ ಕೋಲ್ಡ್ ಸ್ಟೋರೇಜ್ ರಸೀದಿ. ಗಂಡಿನ ಪರ ವಕೀಲರೂ ಹಂಗ, ಗೊಬ್ಬರ, ಕಟಾವು, ಬೆಳಿ ಸಾಲದ ಕಂತು ಎಲ್ಲಾ ರಸೀದಿ ಸಮೇತ ಹಾಕಬೇಕು. ಹಾಕದಿದ್ರ ಬಿಲ್ಲಿನ ಪೂರ್ತಿ ಮೊತ್ತನ ಆದಾಯ ಅಂತ ಹಿಡೀತಾರ. ಇದನ್ನ ಕೇಳಿದಾಗ ವಕೀಲರು ಉತಾರ ತಗೊಂಡು ಬಾ ಅಂದ್ರ, ಅವರಿಗೆ ಕೆಲಸ ಗೊತ್ತದ ಅಂತ ತಿಳ್ಕೊಳ್ರಿ.

ಹಿಡಕಲ್_ಕಾಲುವೆ
ಜಾಮೀನು ಆದೇಶ ಆದ ಮೇಲೂ ಹಿಂಡಲಗಾ ಜೈಲಿನಿಂದ ಬಿಡುಗಡೆ ಆಗೋಕೆ ದಿನಗಟ್ಟಲೆ ಹಿಡಿಯುತ್ತಲ್ಲ, ಅದು ಯಾಕೆ?

ನವನಗರ_ಸೆಕ್ಟರ್
ಜಾಮೀನುದಾರನ ಕಾಗದ ಸರಿ ಇರೂದಿಲ್ಲ, ಬಹಳ ಸಲ ಅಷ್ಟೇ ಕಾರಣ. ಹೊಸ ಉತಾರ, ಆಧಾರ್, ಫೋಟೊ ಬೇಕು. ಆಧಾರ್‌ನ ಹೆಸರು ಉತಾರದ ಹೆಸರಿಗೆ ಹೊಂದಬೇಕು. ಅಣ್ಣ-ತಮ್ಮಂದಿರ ಜಂಟಿ ಖಾತೆ ಇದ್ರ, ಇವನ ಪಾಲು ಎಷ್ಟು ಅಂತ ಪ್ರಶ್ನೆ ಬರತದ. ಉತಾರದ ಬೋಜಾ (ಜಮೀನಿನ ಮೇಲಿನ ಸಾಲದ) ಕಾಲಂನಾಗ ದೊಡ್ಡ ಸಾಲ ಇದ್ರ ಆ ಜಾಮೀನು ನಿಲ್ಲೂದು ಕಷ್ಟ. ಅರ್ಜಿ ವಾದ ನಡೀತಿರಬೇಕಾದ್ರನ ಈ ಕಾಗದ ವಕೀಲರ ಕೈಯಾಗ ಇರಬೇಕು. ರೊಕ್ಕ ತಗೊಂಡು ಜಾಮೀನು ನಿಲ್ಲೋ ಅಪರಿಚಿತರನ್ನ ಯಾರಾದರೂ ತೋರಿಸಿದ್ರ ಬೇಡ ಅನ್ರಿ. ಸುಳ್ಳು ಉತಾರ ಸಿಕ್ಕರೆ ಹೊಸ ಎಫ್‌ಐಆರ್ ಆಗ್ತದ, ಸಿಕ್ಕ ಜಾಮೀನೂ ಹೋಗ್ತದ.

ಜಾಮೀನುದಾರನೇ ಸಿಗದಿದ್ರ ಬಿಎನ್‌ಎಸ್‌ಎಸ್ ಕಲಂ 490ರ ಕೆಳಗ ನಗದು ಠೇವಣಿಗೆ ಅನುಮತಿ ಕೇಳಬಹುದು. ಆದೇಶ ಆಗಿ 7 ದಿನಕ್ಕೂ ಬಿಡುಗಡೆ ಆಗದಿದ್ರ ಜೈಲ್ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ತಿಳಿಸಬೇಕು, ಇದು ಸುಪ್ರೀಂ ಕೋರ್ಟ್ 2023ರ ಜನವರಿಯಾಗ ಕೊಟ್ಟ ನಿರ್ದೇಶನ. ನಿರೀಕ್ಷಣಾ ಜಾಮೀನಿನ್ಯಾಗ ಇನ್ನೊಂದು ತಪ್ಪು ನಡೀತದ: ಇಂತಿಷ್ಟು ದಿನದೊಳಗ ತನಿಖಾಧಿಕಾರಿ ಮುಂದ ಹಾಜರಾಗಿ ಬಾಂಡ್ ಬರದು ಕೊಡಬೇಕು ಅನ್ನೋ ಷರತ್ತು ಓದದೇ ಮನ್ಯಾಗ ಕೂಡೂದು. ಆದೇಶದ ನಕಲು ನೀವೇ ಓದ್ರಿ.

ಘಟಪ್ರಭಾ_ದಂಡೆ
ರಾಜಿ ಆಗೋದಾದ್ರೆ ಒಬ್ಬರೇ ವಕೀಲರು ಇಬ್ಬರಿಗೂ ಬರೆದುಕೊಡಬಹುದಾ? ಖರ್ಚು ಉಳಿಯುತ್ತೆ ಅಂತಾರೆ.

ಕೋಟೆಕೆರೆ
ಬೇಡ. ಇಬ್ಬರ ಹಿತ ಬೇರೆ ಬೇರೆ. ಇಬ್ಬರಿಗೂ ಅವರವರ ವಕೀಲರು ಇರಲಿ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆ 13ಬಿ ಪ್ರಕಾರ 1 ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿ 6 ತಿಂಗಳ ಮೇಲೆ, 18 ತಿಂಗಳೊಳಗೆ ಎರಡನೇ ಹೇಳಿಕೆ. ಆ 6 ತಿಂಗಳನ್ನು ಸೂಕ್ತ ಕೇಸಿನಲ್ಲಿ ಮನ್ನಾ ಮಾಡಬಹುದು ಎಂದು ಅಮರದೀಪ್ ಸಿಂಗ್ ಪ್ರಕರಣದಲ್ಲಿ 2017ರಲ್ಲೇ ತೀರ್ಮಾನವಾಗಿದೆ.

ರಾಜಿಪತ್ರ ಬರೆಯುವಾಗ ಮುಗ್ಗರಿಸುವ ಜಾಗ ಕ್ರಿಮಿನಲ್ ಕೇಸು. 498ಎ ಆಗಲಿ 85 ಆಗಲಿ, ನಮ್ಮ ರಾಜ್ಯದಲ್ಲಿ ಕೆಳಗಿನ ಕೋರ್ಟಿನಲ್ಲಿ ರಾಜಿ ಮಾಡಿಕೊಂಡು ಮುಗಿಸುವ ಅಪರಾಧವಲ್ಲ. ಹೈಕೋರ್ಟಿಗೆ ಹೋಗಿ ಬಿಎನ್‌ಎಸ್‌ಎಸ್ 528ರ ಅಡಿ ರದ್ದು ಮಾಡಿಸಬೇಕು, ದೂರುದಾರಳ ಅಫಿಡವಿಟ್ ಬೇಕು. ‘ಎಲ್ಲ ಕೇಸು ವಾಪಸ್ ತೆಗೆದುಕೊಳ್ಳುತ್ತೇವೆ’ ಎಂದು ಒಂದೇ ಸಾಲು ಬರೆದು ಪೂರ್ತಿ ಹಣ ಮೊದಲೇ ಕೊಟ್ಟರೆ ಗಂಡಿನ ಕಡೆಯವರು ಸಿಕ್ಕಿಹಾಕಿಕೊಳ್ಳುತ್ತಾರೆ. ಹಣ ಬರುವ ಮುಂಚೆ ಅಫಿಡವಿಟ್ ಕೊಟ್ಟರೆ ಹೆಣ್ಣಿನ ಕಡೆಯವರು. ಕಂತು ಹೀಗಿರಲಿ: ಒಂದು ಭಾಗ ಮೊದಲ ಹೇಳಿಕೆಯ ದಿನ, ಒಂದು ಭಾಗ ರದ್ದತಿ ಆದೇಶದ ಹೊತ್ತಿಗೆ, ಉಳಿದದ್ದು ಎರಡನೇ ಹೇಳಿಕೆಯ ದಿನ ಕೋರ್ಟಿನಲ್ಲೇ ಡಿಡಿ. ಯಾವ ಠಾಣೆ, ಯಾವ ಅಪರಾಧ ಸಂಖ್ಯೆ, ಯಾವ ಕೋರ್ಟಿನ ಸಿಸಿ (ಕ್ರಿಮಿನಲ್ ಕೇಸು) ಸಂಖ್ಯೆ, ಅತ್ತೆ-ಮಾವ-ನಾದಿನಿ ಎಲ್ಲ ಆರೋಪಿಗಳ ಹೆಸರು, ಪೂರ್ತಿ ಬರೆಯಿರಿ. ಎರಡೂ ಬಗೆಯ ಕೆಲಸ ಬಲ್ಲ ಒಬ್ಬರೇ ವಕೀಲರು ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲೇ.

ನಿಪ್ಪಾಣಿ_ನಾಕಾ
ವಕಾಲತ್ತಿನಲ್ಲಿ ಅಚ್ಚಾದ ಸಾಲುಗಳನ್ನು ಓದಿ ಸಹಿ ಮಾಡಿ. ರಾಜಿ ಮಾಡಿಕೊಳ್ಳುವ, ಪಕ್ಷಗಾರರ ಪರವಾಗಿ ಹಣ ಪಡೆಯುವ ಅಧಿಕಾರ ಅದರಲ್ಲಿ ಸೇರಿರುತ್ತದೆ. ಬೇಡವಾದರೆ ಆ ಸಾಲು ಹೊಡೆದು ಪಕ್ಕದಲ್ಲಿ ಸಹಿ ಮಾಡಬಹುದು. ಖಾಲಿ ಹಾಳೆ, ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಬೇಡ. ಮೂಲ ದಾಖಲೆ ಕೊಟ್ಟರೆ ಪಟ್ಟಿ ಮಾಡಿ ಸ್ವೀಕೃತಿ ಪಡೆಯಿರಿ. ವಾಟ್ಸಾಪ್ ಚಾಟ್ ಸಾಕ್ಷ್ಯವಾಗಬೇಕಾದರೆ ಪ್ರಿಂಟ್ ಸಾಲದು, ಸಾಕ್ಷ್ಯ ಅಧಿನಿಯಮ 63(4)ರ ಪ್ರಮಾಣಪತ್ರ ಬೇಕು. ಎ ಭಾಗ ನಿಮ್ಮದು, ಬಿ ಭಾಗ ತಜ್ಞರದು, ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಸಮೇತ. ಆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ.

ವಕೀಲರನ್ನು ಬದಲಿಸಬೇಕಾದರೆ ಹಳಬರಿಂದ ನಿರಾಕ್ಷೇಪಣೆ ಪಡೆಯುವುದು ರೂಢಿ. ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಬಹುದು. ಫೀ ಬಾಕಿ ಎಂದು ಫೈಲ್ ತಡೆಹಿಡಿಯುವಂತಿಲ್ಲ, 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ದುರ್ನಡತೆಯ ದೂರು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ, ವಕೀಲರ ಕಾಯ್ದೆ ಕಲಂ 35ರ ಅಡಿ. ಗ್ರಾಹಕ ಆಯೋಗಕ್ಕೆ ಹೋಗುವ ದಾರಿ 2024ರ ಮೇನಲ್ಲಿ ಮುಚ್ಚಿದೆ.

ಹಿಡಕಲ್_ಕಾಲುವೆ
ಕೊನೇದು. ಠಾಣೆಯಿಂದ ನೋಟಿಸ್ ಬಂತು, ವಕೀಲರು ಊರಲ್ಲಿ ಇಲ್ಲ. ಆಗ?

ನವನಗರ_ಸೆಕ್ಟರ್
7 ವರ್ಷದೊಳಗಿನ ಶಿಕ್ಷೆಯ ಅಪರಾಧಕ್ಕ ಬಿಎನ್‌ಎಸ್‌ಎಸ್ ಕಲಂ 35(3)ರ ನೋಟಿಸ್ ಬರತದ. ಹೇಳಿದ ದಿನ ಹಾಜರಾದ್ರ, ಬರಹದ ಕಾರಣ ಇಲ್ಲದೇ ಬಂಧಿಸೂ ಹಂಗಿಲ್ಲ. ವಾಟ್ಸಾಪ್‌ನಾಗ ಕಳಿಸಿದ್ದು ಸರಿಯಾದ ಜಾರಿ ಅಲ್ಲ ಅಂತ ಸುಪ್ರೀಂ ಕೋರ್ಟ್ 2025ರಾಗ ಹೇಳೇದ. ಹಂಗಂತ ಸುಮ್ಮನ ಕೂಡಬ್ಯಾಡ್ರಿ, ಬರಹದಾಗ ಉತ್ತರ ಕೊಟ್ಟು ಸ್ವೀಕೃತಿ ತಗೊಳ್ರಿ. ವಕಾಲತ್ತಿನ್ಯಾಗ ಹೆಸರಿದ್ದ ಎರಡನೇ ವಕೀಲರನ್ನ ಜೋಡಿ ಕರಕೊಂಡು ಹೋಗ್ರಿ. ಅವರೂ ಸಿಗದಿದ್ರ 15100ಕ್ಕ ಫೋನ್ ಮಾಡ್ರಿ, ಇಲ್ಲಾ ಜಿಲ್ಲಾ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಬಂಧನದಾಗ ಇರೋರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ.